ಓಡಿಹೋದ ಗಿರಾಕಿಯ ಬಿಲ್ಲು ವೇಟರನ ಪಗಾರದಲ್ಲಿ ಯಾಕೆ?

ಮುಂಬಯಿ, ಠಾಣೆ, ನವಿಮುಂಬಯಿಯಲ್ಲಿ ಹೋಟೆಲು, ಬಾರು ನಡೆಸುತ್ತಿರುವ ಕರಾವಳಿಯ ನಮ್ಮೂರ ಮಾಲೀಕರಿಗೆ,

ನಮಸ್ಕಾರ.

2025ರ ಜುಲೈ 14ರಂದು ನೀವೆಲ್ಲ ಒಟ್ಟಾಗಿ ಶಟರ್ ಎಳೆದಿರಿ. ಪರ್ಮಿಟ್ ರೂಮಿನಲ್ಲಿ, ಅಂದರೆ ಲೈಸೆನ್ಸ್ ಇರುವ ಬಾರಿನಲ್ಲಿ, ಕೊಡುವ ಮದ್ಯದ ಮೇಲಿನ ವ್ಯಾಟ್ ಶೇ. 5ರಿಂದ ಶೇ. 10ಕ್ಕೆ ಏರಿತ್ತು. ಲೈಸೆನ್ಸ್ ಶುಲ್ಕ ಶೇ. 15, ಅಬಕಾರಿ ಸುಂಕ ಶೇ. 60 ಹೆಚ್ಚಾಗಿತ್ತು. ಸರ್ಕಾರದ ಖಜಾನೆ ತುಂಬಿಸುವ ಹೊರೆಯನ್ನೆಲ್ಲ ನಮ್ಮ ತಲೆಗೇ ಕಟ್ಟಿದರೆ ಬದುಕುವುದು ಹೇಗೆ ಎಂಬುದು ನಿಮ್ಮ ಅಳಲು. ನ್ಯಾಯವಾದ ಅಳಲೇ, ನನ್ನ ತಕರಾರಿಲ್ಲ.

ಆ ತಿಂಗಳ ಪಗಾರದ ಹೊತ್ತಿಗೆ ಒಂದು ಹೋಟೆಲಿನ ಹಾಜರಿ ಪುಸ್ತಕ ನನ್ನ ಮುಂದಿತ್ತು. ಹದಿನಾಲ್ಕನೇ ತಾರೀಖಿನ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ, ಮೋರಿಯಲ್ಲಿ ತಟ್ಟೆ ತೊಳೆಯುವ ಹುಡುಗನಿಂದ ಹಿಡಿದು ವೇಟರುಗಳ ಮೇಲಿನ ಕ್ಯಾಪ್ಟನ್‌ವರೆಗೆ, ಎಲ್ಲರಿಗೂ ಖಾಡಾ, ಅಂದರೆ ಗೈರುಹಾಜರಿ. "ಸೇಠ್ರೆ, ಬಂದ್ ಮಾಡಿದ್ದು ನಾವಲ್ಲವಾ?" ಎಂದು ಕೇಳಿದೆ. "ವ್ಯಾಪಾರವೇ ಇಲ್ಲದ ದಿನಕ್ಕೆ ಪಗಾರ ಎಲ್ಲಿಂದ ತಂದು ಕೊಡಲಿ ಮಾರಾಯ್ರೆ?" ಅಂದರು. ಒಳ್ಳೆಯ ಮನುಷ್ಯರೇ. ನವರಾತ್ರಿಗೆ ಎಲ್ಲ ಹುಡುಗರಿಗೂ ಬಟ್ಟೆ ಕೊಡುವವರು. ಮೇಲಿನಿಂದ ಬಂದ ಭಾರವನ್ನು ಕೆಳಕ್ಕೆ ದಾಟಿಸುತ್ತಿದ್ದೇನೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ ಅಷ್ಟೆ.

ಹಾಗಾಗಿ ಈ ಪತ್ರ. ಲೇಬರ್ ಆಫೀಸಿಗೆ ಬರೆಯುವುದಿದ್ದರೆ ಮರಾಠಿಯಲ್ಲಿ ಬರೆಯುತ್ತಿದ್ದೆ. ನೀವು ಓದಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನೂ ಮೋರಿಯಿಂದ ಶುರುಮಾಡಿದವ. ತಟ್ಟೆ ತೊಳೆದು, ಟೇಬಲ್ ಒರಸಿ, ಕನ್ನಡ ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿ, ಗಲ್ಲಾದಲ್ಲಿ ಕೂತು ಮ್ಯಾನೇಜರ್ ಆದೆ. ಈಗ ನಾಲ್ಕಾರು ಹೋಟೆಲುಗಳ ಪಗಾರ, ಪಿಎಫ್ ಲೆಕ್ಕ ಬರೆದುಕೊಡುತ್ತೇನೆ. ಪಗಾರದ ಪುಸ್ತಕದಲ್ಲಿ ಕಾಣದ ಇನ್ನೊಂದು ಪುಸ್ತಕ ಪ್ರತಿ ಗಲ್ಲಾದ ಕೆಳಗೂ ಇರುತ್ತದೆ. ಮೂಲೆ ಮಡಚಿದ ನೂರು ಪುಟದ ನೋಟ್‌ಬುಕ್ಕು. ಯಾರ ಹೆಸರಿಗೆ ಎಷ್ಟು ಕಟ್ ಎಂಬುದು ಅದರಲ್ಲಿರುತ್ತದೆ. ನನ್ನ ಮಾತು ಆ ನೋಟ್‌ಬುಕ್ಕಿನ ಬಗ್ಗೆ.

ಮೊದಲು ಓಡಿಹೋದ ಗಿರಾಕಿಯ ವಿಷಯಕ್ಕೇ ಬರೋಣ. ಶನಿವಾರ ರಾತ್ರಿ, ಹೋಟೆಲು ತುಂಬಿದೆ. ಮೊದಲು ನಾಲ್ಕು ಟೇಬಲಿಗೆ ಒಬ್ಬ ವೇಟರ್ ಇದ್ದ ಕಡೆ ಈಗ ಆರು ಟೇಬಲಿಗೆ ಒಬ್ಬ. ಒಬ್ಬನ ಪಗಾರ ಉಳಿಸೋಣ ಎಂದು ನೀವೇ ಮಾಡಿದ ಏರ್ಪಾಡು. ಆರು ಜನರ ಒಂದು ಗುಂಪು ತಿಂದು ಕುಡಿದು, ಒಬ್ಬೊಬ್ಬರೇ ಸಿಗರೇಟು ಸೇದಲು ಹೊರಗೆ ಹೋಗಿ, ಕೊನೆಯವನು ಫೋನಿನಲ್ಲಿ ಮಾತಾಡುತ್ತ ಮೆಟ್ಟಿಲಿಳಿದು ರಿಕ್ಷಾ ಹತ್ತಿದ. ವೇಟರ್ ಆಗ ಕಿಚನ್ ಕಿಟಕಿಯ ಹತ್ತಿರ ಇನ್ನೊಂದು ಟೇಬಲಿನ ತಂದೂರಿ ರೊಟ್ಟಿಗೆ ಕಾಯುತ್ತಿದ್ದಾನೆ. ಬಿಲ್ಲು 3,400 ರೂಪಾಯಿ. ರಾತ್ರಿ ಹಿಸಾಬಿನ ಹೊತ್ತಿಗೆ ಅದು ನೋಟ್‌ಬುಕ್ಕಿನಲ್ಲಿ ಅವನ ಹೆಸರಿಗೆ ಹೋಯಿತು, ಎರಡು ಕಂತಿನಲ್ಲಿ ಕಡಿತ.

ಯೋಚಿಸಿ ನೋಡಿ. ಒಬ್ಬ ವೇಟರನ್ನು ಕಡಿಮೆ ಮಾಡಿ ತಿಂಗಳು ತಿಂಗಳು ಉಳಿಸಿದ ಹಣ ನಿಮ್ಮದು. ಆಳು ಕಡಿಮೆಯಾದರೆ ಕಣ್ಣು ತಪ್ಪುತ್ತದೆ, ಯಾವತ್ತೋ ಒಂದು ಬಿಲ್ಲು ಹೋಗುತ್ತದೆ ಎಂಬ ಅಪಾಯ ಆ ಉಳಿತಾಯದ ಜೊತೆಗೇ ಬಂದದ್ದು. ಉಳಿತಾಯ ನಿಮಗೆ, ಅಪಾಯ ಮಾತ್ರ ಅವನಿಗೆ. ಮೂರು ಜನರ ಓಡಾಟವನ್ನು ಇಬ್ಬರು ಮಾಡುತ್ತಿರುವುದಕ್ಕೆ ಹೆಚ್ಚಿನ ಪಗಾರವೂ ಇಲ್ಲ. ಅದೇ ಟೇಬಲಿನವರು ಬಿಲ್ಲು ಕೊಟ್ಟು ಹೋಗಿದ್ದರೆ ಅದರ ಲಾಭದಲ್ಲಿ ಅವನಿಗೆ ಪಾಲಿತ್ತೇ? ಇಲ್ಲವೆಂದಾದ ಮೇಲೆ ನಷ್ಟದಲ್ಲಿ ಪೂರ್ತಿ ಪಾಲು ಎಲ್ಲಿಂದ ಬಂತು? ಅವನಿಂದ ಕಡಿದದ್ದು ಆ ಊಟಕ್ಕೆ ಬಿದ್ದ ಖರ್ಚನ್ನೂ ಅಲ್ಲ, ಮೆನು ಕಾರ್ಡಿನ ಪೂರ್ತಿ ರೇಟು. ಅಂದರೆ ಓಡಿಹೋದ ಗಿರಾಕಿಯ ಮೇಲಿನ ಲಾಭವೂ ನಿಮಗೆ ಬಂತು, ಅದನ್ನು ಕೊಟ್ಟವನು ವೇಟರ್.

ಬಾರಿನ ಕೌಂಟರಿನ ವಿಷಯ ಇನ್ನೂ ಸೂಕ್ಷ್ಮ. 750 ಎಂಎಲ್ ಬಾಟಲಿಯಲ್ಲಿ 30 ಎಂಎಲ್‌ನ 25 ಪೆಗ್. ಇದು ಕಾಗದದ ಲೆಕ್ಕ. ಕೌಂಟರಿನಲ್ಲಿ ನಿಂತವರಿಗೆ ಗೊತ್ತು, ಪೆಗ್ ಮೆಷರಿನ ಅಂಚಿನಲ್ಲಿ ನಾಲ್ಕು ಹನಿ ನಿಲ್ಲುತ್ತದೆ, ರಶ್ಶಿನಲ್ಲಿ ಸುರಿಯುವಾಗ ಸ್ವಲ್ಪ ಹೊರಗೆ ಹೋಗುತ್ತದೆ, ಹಳೆಯ ಗಿರಾಕಿ ಎದುರಿಗೇ ನಿಂತು "ಪೂರಾ ಭರೋ" ಅಂದರೆ ಗೆರೆಯ ಮೇಲೂ ಹೋಗುತ್ತದೆ. ಇಪ್ಪತ್ನಾಲ್ಕು ಚಿಲ್ಲರೆ ಪೆಗ್ ಬಂದರೆ ಅವನು ಒಳ್ಳೆಯ ಬಾರ್‌ಮ್ಯಾನ್. ಆದರೆ ನಿಮಗೆ ಇಪ್ಪತ್ತೈದೇ ಬೇಕು. ಬರದಿದ್ದರೆ ಶಾರ್ಟ್, ಶಾರ್ಟ್ ಬಂದದ್ದು ಅವನ ಹೆಸರಿಗೆ.

ಆಮೇಲೆ ಏನಾಗುತ್ತದೆಂದು ನಿಮಗೂ ಗೊತ್ತು, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ತನ್ನ ಪಗಾರ ಉಳಿಸಿಕೊಳ್ಳಲು ಅವನು ಗಿರಾಕಿಯ ಗ್ಲಾಸಿಗೆ ಕೈ ಹಾಕುತ್ತಾನೆ. ಮೊದಲ ಪೆಗ್ ಸರಿಯಾಗಿಯೇ ಹಾಕುತ್ತಾನೆ. ಮೂರನೇ ಲಾರ್ಜಿಗೆ ಬರುವ ಹೊತ್ತಿಗೆ ಐಸ್ ಮೊದಲು ಬೀಳುತ್ತದೆ, 60 ಎಂಎಲ್ ಹೋಗಿ 52 ಆಗುತ್ತದೆ. ಕುಡಿದವನ ನಾಲಿಗೆ ಅಷ್ಟು ಲೆಕ್ಕ ಇಡುವುದಿಲ್ಲ. ನಿಮ್ಮ ಸ್ಟಾಕು ಸರಿಬಂತು, ಅಬಕಾರಿ ರಿಜಿಸ್ಟರೂ ಸರಿಬಂತು, ನೀವು ಖುಷಿ. ಆದರೆ ನಿಮ್ಮ ಲೆಕ್ಕ ಸರಿಮಾಡಲು ಕದಿಯುವುದನ್ನು ಕಲಿತವನು ನಾಳೆ ತನಗಾಗಿ ಎರಡು ಪೆಗ್ ಎತ್ತಿಡುವುದಿಲ್ಲ ಎಂದು ಯಾವ ನಂಬಿಕೆ? ಕಳ್ಳತನ ತಡೆಯಲು ಕಟ್ ಮಾಡುತ್ತೇವೆ ಎನ್ನುತ್ತೀರಿ. ನಾನು ಗಲ್ಲಾದಲ್ಲಿ ಕೂತು ಕಂಡದ್ದು ಹೇಳುತ್ತೇನೆ, ಆ ಕಟ್ಟೇ ಕಳ್ಳತನ ಕಲಿಸುವ ಶಾಲೆ.

ಈಚೆಗೆ ಡೆಲಿವರಿ ಆ್ಯಪ್ ಬಂದಿದೆ. ಗಿರಾಕಿ ಫೋನಿನಲ್ಲಿ "ಗ್ರೇವಿ ಚೆಲ್ಲಿದೆ" ಎಂದು ಒತ್ತಿದರೆ ಅವನಿಗೆ ಹಣ ವಾಪಸ್, ನಿಮ್ಮ ವಾರದ ಪೇಮೆಂಟಿನಲ್ಲಿ ಅಷ್ಟು ಕಡಿತ. ಚೆಲ್ಲಿದ್ದು ಎಲ್ಲಿ? ಹೋಟೆಲಿನಲ್ಲೋ, ಲಿಫ್ಟಿನಲ್ಲೋ, ಘೋಡ್‌ಬಂದರ್ ರಸ್ತೆಯ ಹೊಂಡದಲ್ಲೋ, ಅಥವಾ ಚೆಲ್ಲಿಯೇ ಇಲ್ಲವೋ, ದೇವರಿಗೇ ಗೊತ್ತು. ಆ್ಯಪಿನವರು ನಿಮ್ಮ ಮಾತು ಕೇಳುವುದಿಲ್ಲ ಎಂದು ನೀವು ದೂರುತ್ತೀರಿ. ಸರಿ. ಆಮೇಲೆ ಪಾರ್ಸಲ್ ಕಟ್ಟುವ ಹುಡುಗನನ್ನು ಕರೆದು, ಅವನ ಮಾತನ್ನೂ ಕೇಳದೆ, ಅದೇ ಹಣವನ್ನು ಅವನ ಹೆಸರಿಗೆ ಬರೆಸುತ್ತೀರಿ. ಒಂದು ಕಡೆ ಆ ಹುಡುಗ ಈಗ ಪ್ರತಿ ಪಾರ್ಸಲಿನ ಫೋಟೋ ತೆಗೆದಿಡುತ್ತಾನೆ. ತನ್ನದೇ ಫೋನಿನಲ್ಲಿ, ತನ್ನದೇ ರೀಚಾರ್ಜಿನಲ್ಲಿ. ರಾತ್ರಿ ಮಲಗುವ ಮುಂಚೆ ಹಳೆಯ ಫೋಟೋ ಅಳಿಸಿ ನಾಳೆಗೆ ಜಾಗ ಮಾಡಿಕೊಳ್ಳುತ್ತಾನೆ. ವೇಟರುಗಳ ಕಥೆಯೂ ಅದೇ. ಆರ್ಡರ್ ಹೊಡೆಯುವ ಆ್ಯಪನ್ನು ಅವರ ಫೋನಿಗೆ ಹಾಕಿಸಿದ್ದೀರಿ, ಕಿಚನ್ನಿಗೆ ಆರ್ಡರ್ ಬರೆದುಕೊಡುವ ಕೆಒಟಿ ಪುಸ್ತಕದ ಖರ್ಚು ಉಳಿಯಿತು. ಫೋನು ಹಾಳಾದರೆ ಮಾತ್ರ ಅದು ಅವರ ಫೋನು.

ಇನ್ನು ಟಿಪ್ಸು. ಮೊದಲು ಬಿಲ್ಲಿನ ಫೋಲ್ಡರಿನಲ್ಲಿ ಹತ್ತು ಇಪ್ಪತ್ತು ಬಿಟ್ಟು ಹೋಗುತ್ತಿದ್ದರು, ಡಬ್ಬಕ್ಕೆ ಬೀಳುತ್ತಿತ್ತು, ರಾತ್ರಿ ಹಂಚಿಕೆಯಾಗುತ್ತಿತ್ತು. ಈಗ ಬಿಲ್ಲಿನ ಜೊತೆಗೇ ಸ್ಕ್ಯಾನ್ ಮಾಡಿ ನಿಮ್ಮ ಖಾತೆಗೆ ಹಾಕುತ್ತಾರೆ. ಅದು ಹುಡುಗರ ಕೈಗೆ ಬರುವುದು ತಿಂಗಳ ಮೇಲೆ. ಬಂದಾಗಲೂ "ಮಷಿನ್ ಖರ್ಚು" ಎಂದು ನೂರಕ್ಕೆ ಎರಡು ಹಿಡಿದಿರುತ್ತೀರಿ. ಗಿರಾಕಿ ತನ್ನ ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ವ್ಯಾಪಾರಿಗೆ ಕಮಿಷನ್ ಇಲ್ಲ, 2020ರ ಜನವರಿ 1ರಿಂದ ಇಲ್ಲ. ಕ್ರೆಡಿಟ್ ಕಾರ್ಡಿನ ಮಾತು ಬೇರೆ. ಹಾಗಾದರೆ ಯುಪಿಐ ಟಿಪ್ಸಿನಿಂದ ಹಿಡಿದ ಆ ಎರಡು ರೂಪಾಯಿ ಯಾವ ಮಷಿನ್ನಿಗೆ ಹೋಯಿತು? ಸರ್ವಿಸ್ ಚಾರ್ಜಿನ ಜಗಳ ನೆನಪಿದೆಯಲ್ಲ. ಬಿಲ್ಲಿಗೆ ತಾನಾಗಿ ಸೇರಿಸಬಾರದು ಎಂದು 2022ರ ಜುಲೈಯಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆಗ ಹೋಟೆಲಿನವರ ಕಡೆಯಿಂದ ಬಂದ ದೊಡ್ಡ ವಾದ, ಈ ಹಣ ಕೆಲಸಗಾರರಿಗೆ ಹೋಗುತ್ತದೆ ಎಂಬುದು. ಹುಡುಗರ ಹೆಸರು ಹೇಳಿ ವಾದ ಮಾಡಿದ ಮೇಲೆ ಅವರ ಡಬ್ಬದ ಲೆಕ್ಕವನ್ನಾದರೂ ಅವರಿಗೆ ತೋರಿಸಬೇಕಲ್ಲ.

ಒಡೆದ ಗ್ಲಾಸು, ತಟ್ಟೆ, ಯೂನಿಫಾರ್ಮಿನ ಡಿಪಾಸಿಟ್ಟು, ಇದೆಲ್ಲ ಚಿಲ್ಲರೆ. ಬಿಡಿ, ಅದರ ಬಗ್ಗೆ ಬರೆಯಲು ಹೋದರೆ ಪತ್ರ ಮುಗಿಯುವುದಿಲ್ಲ.

ಆದರೆ ಗಂಟೆಯ ಲೆಕ್ಕ ಚಿಲ್ಲರೆಯಲ್ಲ. ಡ್ಯೂಟಿ ಬೆಳಿಗ್ಗೆ ಹನ್ನೊಂದರಿಂದ ಮೂರೂವರೆ, ಮತ್ತೆ ಸಂಜೆ ಏಳರಿಂದ ಮುಚ್ಚುವವರೆಗೆ. ಹಾಜರಿಯಲ್ಲಿ ಒಂಬತ್ತು ಗಂಟೆ. ಈಗ ದಿನ ಬಿಡಿಸಿ ನೋಡೋಣ. ಬೆಳಿಗ್ಗೆ ಎಂಟಕ್ಕೆ ವಾಶಿ ಮಾರ್ಕೆಟ್ಟಿನಿಂದ ತರಕಾರಿ ಗಾಡಿ ಬರುತ್ತದೆ, ಇಳಿಸಬೇಕು. ಗ್ಯಾಸಿನ ಗಾಡಿ ಬಂದರೆ 19 ಕಿಲೋ ಗ್ಯಾಸಿನ ಸಿಲಿಂಡರನ್ನು ಹಿಂದಿನ ಗಲ್ಲಿಯಿಂದ ಎಳೆಯಬೇಕು. ಮಧ್ಯಾಹ್ನ ನಾಲ್ಕಕ್ಕೆ ಕಣ್ಣು ಹತ್ತುವ ಹೊತ್ತಿಗೆ ವಾಟ್ಸಾಪ್ ಗ್ರೂಪಿನಲ್ಲಿ "ಪಾರ್ಸಲ್ ಆಯಾ, ಕೋಯಿ ನೀಚೆ ಆವ್" ಎಂದು ಬರುತ್ತದೆ. ರಾತ್ರಿ ಶಟರ್ ಎಳೆದ ಮೇಲೆ ನೆಲ ತೊಳೆಯುವುದು, ಕುರ್ಚಿ ಏರಿಸುವುದು, ವಾರಕ್ಕೊಮ್ಮೆ ಎಕ್ಸಾಸ್ಟಿನ ಎಣ್ಣೆ ಜಿಡ್ಡು ತೆಗೆಯುವುದು. ಇದ್ಯಾವುದೂ ಆ ಒಂಬತ್ತರಲ್ಲಿ ಇಲ್ಲ. ಕೇಳಿದರೆ, "ಊಟ, ವಸತಿ ಕೊಡುತ್ತೇವಲ್ಲ." ವಸತಿ ಎಂದರೆ ಅಡುಗೆಮನೆಯ ಮೇಲಿನ ಅಟ್ಟ, ತಂದೂರಿನ ಕಾವು ಹಲಗೆಯ ಸಂದಿಯಿಂದ ಮೇಲೆ ಬರುವಂಥದ್ದು. ಅದರಿಂದ ನಿಮಗೆ ಎಷ್ಟು ಉಪಕಾರ ನೋಡಿ. ರಾತ್ರಿ ವಾಚ್‌ಮನ್ ಬೇಡ, ಬೆಳಿಗ್ಗೆ ಹಮಾಲಿ ಬೇಡ, ಯಾವ ಹೊತ್ತಿಗೆ ಕರೆದರೂ ಆಳು ಸಿದ್ಧ. ಬಾಡಿಗೆ ಯಾರು ಯಾರಿಗೆ ಕೊಡಬೇಕು ಎಂಬುದೇ ಒಂದು ಪ್ರಶ್ನೆ.

ಅಂಗಡಿ, ಹೋಟೆಲುಗಳಲ್ಲಿ ದಿನದ ದುಡಿಮೆಯನ್ನು 9ರಿಂದ 10 ಗಂಟೆಗೆ ಏರಿಸಲು 2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಸಂಪುಟ ಒಪ್ಪಿದಾಗ ನಿಮ್ಮಲ್ಲಿ ಕೆಲವರು ಖುಷಿಪಟ್ಟಿರಿ. ನನಗೆ ನಗು ಬಂತು. ಹದಿಮೂರು ಗಂಟೆ ದುಡಿಸುವವರಿಗೆ ಒಂಬತ್ತೇನು, ಹತ್ತೇನು? ಮಿತಿ ಮೀರಿದ ಪ್ರತಿ ಗಂಟೆಗೂ ದುಪ್ಪಟ್ಟು ಪಗಾರ ಎಂಬ ಮಾತು ಮಾತ್ರ ಆಗಲೂ ಇತ್ತು, ಈಗಲೂ ಇದೆ. ಅದನ್ನು ಓದಿದವರು ಕಡಿಮೆ.

ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ಜಾಗದ ಬಾಡಿಗೆ ವರ್ಷ ವರ್ಷ ಏರುತ್ತದೆ. ಲೈಸೆನ್ಸಿನ ಕಾಗದ ಹಿಡಿದು ಎಷ್ಟು ಬಾಗಿಲು ತಟ್ಟಬೇಕು, ಯಾವ ಬಾಗಿಲಲ್ಲಿ ಬರಿಗೈಯಲ್ಲಿ ನಿಲ್ಲಲಾಗದು ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ. ಕೆಲಸಗಾರರಲ್ಲಿ ಕದಿಯುವವರಿಲ್ಲವೆ? ಇದ್ದಾರೆ. ಬಿಲ್ಲು ಹೊಡೆಯದೆ ಟೇಬಲಿನ ದುಡ್ಡು ಜೇಬಿಗೆ ಹಾಕಿಕೊಂಡವರನ್ನು ನಾನೇ ಹಿಡಿದಿದ್ದೇನೆ. ಆದರೆ ಮಾಲೀಕರೆ, ಮೇಲಿನವರ ಕೈಗೆ ನೀವು ಬಗ್ಗುತ್ತೀರಿ, ಬಾಡಿಗೆಯವನ ಮಾತಿಗೆ ಬಗ್ಗುತ್ತೀರಿ, ಆ್ಯಪಿನ ಮುಂದೆ ಬಗ್ಗುತ್ತೀರಿ. ಸೊಂಟ ನೆಟ್ಟಗಾಗುವುದು ಮೋರಿಯ ಹುಡುಗನ ಎದುರಿಗೆ ಮಾತ್ರ ಅಂದರೆ ಹೇಗೆ?

ಈಗ ಕಾನೂನಿನ ಮಾತು. 2025ರ ನವೆಂಬರ್ 21ರಿಂದ 2019ರ ವೇತನ ಸಂಹಿತೆ ಜಾರಿಗೆ ಬಂದಿದೆ. ಹೊಸದೇನೋ ಬಂತೆಂದು ಗಾಬರಿಯಾಗಬೇಡಿ. ಕಡಿತದ ವಿಷಯದಲ್ಲಿ 1936ರ ವೇತನ ಪಾವತಿ ಕಾಯ್ದೆ ಹೇಳುತ್ತಿದ್ದದ್ದೂ ಹೆಚ್ಚುಕಡಿಮೆ ಇದನ್ನೇ. ನಷ್ಟಕ್ಕೆ ಕಟ್ ಮಾಡಬಹುದು, ಆದರೆ ಅದು ಅವನ ಸುಪರ್ದಿಗೆ ಸ್ಪಷ್ಟವಾಗಿ ಒಪ್ಪಿಸಿದ ಸಾಮಾನಾಗಿರಬೇಕು ಅಥವಾ ಅವನು ಲೆಕ್ಕ ಕೊಡಬೇಕಾದ ಹಣವಾಗಿರಬೇಕು. ನಷ್ಟ ನೇರವಾಗಿ ಅವನ ಅಲಕ್ಷ್ಯದಿಂದಲೇ ಆಗಿರಬೇಕು. ಕಟ್ ಮಾಡುವ ಮುಂಚೆ ಅವನು ಏನು ಹೇಳುತ್ತಾನೆಂದು ಕೇಳಬೇಕು. ಆದ ನಷ್ಟಕ್ಕಿಂತ ಒಂದು ರೂಪಾಯಿ ಹೆಚ್ಚು ಹಿಡಿಯುವಂತಿಲ್ಲ, ಅಂದರೆ ಮೆನು ಕಾರ್ಡಿನ ರೇಟು ನಡೆಯುವುದಿಲ್ಲ. ಎಲ್ಲ ಕಡಿತ ಸೇರಿದರೂ ಆ ತಿಂಗಳ ಪಗಾರದ ಅರ್ಧ ದಾಟುವಂತಿಲ್ಲ. ದಂಡ ಹಾಕುವುದಿದ್ದರೆ ಯಾವ ತಪ್ಪಿಗೆ ದಂಡ ಎಂದು ಮೊದಲೇ ಮಂಜೂರು ಮಾಡಿಸಿಕೊಂಡು ನೋಟಿಸ್ ಹಾಕಿರಬೇಕು, ಅದು ಪಗಾರದ ಶೇ. 3 ದಾಟಬಾರದು, 90 ದಿನದ ಮೇಲೆ ವಸೂಲಿ ಮಾಡಬಾರದು. ಆ ದಂಡದ ದುಡ್ಡು ನಿಮ್ಮ ಗಲ್ಲಾಕ್ಕೂ ಬರುವಂತಿಲ್ಲ, ಕೆಲಸಗಾರರ ಒಳಿತಿಗೇ ಖರ್ಚಾಗಬೇಕು. ಗೈರುಹಾಜರಿಗೆ ಕಡಿಯಬಹುದು, ಆದರೆ ಶಟರ್ ಎಳೆದವರು ನೀವಾದರೆ ಗೈರಾದವನು ಅವನಲ್ಲ.

ಈ ಕಾನೂನಿಗೆ ಹಿಡಿದು ನೋಡಿದರೆ ಗಲ್ಲಾದ ಕೆಳಗಿನ ಆ ನೋಟ್‌ಬುಕ್ಕಿನಲ್ಲಿ ಎಷ್ಟು ಸಾಲು ಉಳಿಯುತ್ತವೆ? ಕ್ಯಾಶಿಯರ್ ಎಣಿಸುವಾಗ ಐನೂರು ಹೆಚ್ಚು ಕೊಟ್ಟ ಒಂದೆರಡು ಸಾಲು ಉಳಿಯಬಹುದು. ಓಡಿಹೋದ ಗಿರಾಕಿಯನ್ನು ಯಾವ ವೇಟರನ ಸುಪರ್ದಿಗೂ ಯಾರೂ ಒಪ್ಪಿಸಿರುವುದಿಲ್ಲ.

ಊರ ಸಮಾರಂಭಗಳಲ್ಲಿ ನೀವು ಹೆಮ್ಮೆಯಿಂದ ಹೇಳುವ ಹೆಸರು ಜಾರ್ಜ್ ಫರ್ನಾಂಡಿಸರದು. ನಮ್ಮ ಮಂಗಳೂರಿನ ಹುಡುಗ 1967ರಲ್ಲಿ ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್.ಕೆ. ಪಾಟೀಲರಂಥವರನ್ನು ದಕ್ಷಿಣ ಮುಂಬಯಿಯಲ್ಲಿ ಸೋಲಿಸಿದ ಕಥೆ ಹೇಳುವಾಗ ಎದೆಯುಬ್ಬುತ್ತದೆ. ಅವರು ಮುಂಬಯಿಗೆ ಬರುವ ಮುಂಚೆ ಮಂಗಳೂರಿನಲ್ಲಿ ಮೊದಲು ಕಟ್ಟಿದ ಸಂಘಟನೆ ಯಾರದೆಂದು ಗೊತ್ತಲ್ಲ? ಬಸ್ಸು, ಲಾರಿ ಕೆಲಸಗಾರರದು, ಮತ್ತೆ ಹೋಟೆಲು ಕೆಲಸಗಾರರದು. ಆ ಭಾಗವನ್ನು ವೇದಿಕೆಯ ಮೇಲೆ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಹಿಂದಿನದು ಚಿನ್ನದ ಕಾಲವಾಗಿತ್ತು ಎಂದು ಹೇಳಲು ಹೊರಟಿಲ್ಲ. ಪೆಟ್ಟು ತಿಂದವರಿದ್ದೇವೆ. ಆದರೂ ಹುಡುಗ ರಾತ್ರಿ ಶಾಲೆಗೆ ಹೋಗಲೆಂದು ಸಂಜೆಯ ಎರಡು ಗಂಟೆ ಬಿಟ್ಟುಕೊಡುವ ಮಾಲೀಕರಿದ್ದರು. ಅವನೂ ನಾಳೆ ಒಂದು ಹೋಟೆಲು ಹಾಕಬಹುದು, ತಮ್ಮ ಊರವ, ತಮ್ಮ ಸಂಬಂಧಿಕ ಎಂಬ ಲೆಕ್ಕ ಅದರಲ್ಲಿತ್ತು. ಈಗ ಊರಿನ ಹುಡುಗರು ಬರುವುದಿಲ್ಲ. ನಿಮ್ಮ ಅಟ್ಟದಲ್ಲಿ ಮಲಗುವವರು ನೇಪಾಳದವರು, ಒಡಿಶಾದವರು, ಉತ್ತರ ಪ್ರದೇಶದವರು, ನಮ್ಮ ಕಲಬುರಗಿ, ರಾಯಚೂರಿನವರು. ಕಲಬುರಗಿಯ ಹುಡುಗನ ಕಟ್ಟಿನ ಮಾತು ಬಂದ ಕೂಡಲೇ ಮಾಲೀಕರೂ ಮ್ಯಾನೇಜರೂ ಕನ್ನಡ ಬಿಟ್ಟು ತುಳುವಿಗೆ ಹೋಗುವುದನ್ನು ನೋಡಿದ್ದೇನೆ. ಅವನು ಗಲ್ಲಾದ ಎದುರಿಗೇ ನಿಂತು, ತನ್ನ ಹೆಸರು ಮಾತ್ರ ತಿಳಿಯುತ್ತ, ಇಬ್ಬರ ಮುಖವನ್ನೂ ನೋಡುತ್ತಿರುತ್ತಾನೆ. ನನಗೆ ಈ ಇಡೀ ವ್ಯವಹಾರದಲ್ಲಿ ಸಹಿಸಲಾಗದ್ದು ಇದೊಂದು.

ನಾನು ಕೇಳುವುದು ಹೆಚ್ಚಿಲ್ಲ. ಗಲ್ಲಾದ ಕೆಳಗಿನ ಪುಸ್ತಕ ಮೇಲೆ ಬರಲಿ. ಏನೇ ಕಟ್ ಮಾಡಿದರೂ ಪಗಾರದ ಚೀಟಿಯಲ್ಲಿ ಕಾಣಲಿ. ಚೀಟಿ ಕೊಡುವುದು ಈಗ ಹೇಗೂ ನಿಮ್ಮ ಕರ್ತವ್ಯ. ಓಡಿಹೋದ ಬಿಲ್ಲು, ಆ್ಯಪಿನ ರಿಫಂಡು, ಬಾರಿನ ಹನಿ ಲೆಕ್ಕ, ಇವು ಹೋಟೆಲಿನ ಖರ್ಚು. ವಿದ್ಯುತ್ ಬಿಲ್ಲಿನ ಕೆಳಗೆ ಒಂದು ಸಾಲು ಮಾಡಿಕೊಂಡು ಅಲ್ಲಿ ಬರೆಯಿರಿ. ಅದು ತಿಂಗಳಿಗೆ ಎಷ್ಟಾಗುತ್ತದೆಂದು ಆಗ ನಿಮಗೇ ಕಾಣುತ್ತದೆ. ಹುಡುಗರ ಪಗಾರದಲ್ಲಿ ಮರೆಯಾಗಿದ್ದರಿಂದ ಇಷ್ಟು ದಿನ ಕಂಡಿಲ್ಲ. ಕಂಡ ಮೇಲೆ, ಶನಿವಾರಕ್ಕೆ ಇನ್ನೊಬ್ಬ ವೇಟರನ್ನು ಇಟ್ಟುಕೊಳ್ಳುವುದೇ ಅಗ್ಗ ಎಂದು ನೀವೇ ಹೇಳಬಹುದು. ಕೆಲಸದ ಫೋನು ಒಂದೆರಡು ಕೊಡಿಸಿ. ಟಿಪ್ಸನ್ನು ವಾರಕ್ಕೊಮ್ಮೆ ಎಲ್ಲರ ಎದುರಿಗೆ ಹಂಚಿ. ಬೆಳಗಿನ ಗಾಡಿ ಇಳಿಸುವ ಹೊತ್ತನ್ನು, ರಾತ್ರಿ ನೆಲ ತೊಳೆಯುವ ಹೊತ್ತನ್ನು ಹಾಜರಿಯಲ್ಲಿ ಹಿಡಿಯಿರಿ. ಕೆಲಸ ಬಿಟ್ಟವನ ಲೆಕ್ಕ ಎರಡು ಕೆಲಸದ ದಿನಗಳೊಳಗೆ ಚುಕ್ತಾ ಆಗಬೇಕೆಂದು ಕಾನೂನು ಹೇಳುತ್ತದೆ. ಯೂನಿಫಾರ್ಮಿನ ಡಿಪಾಸಿಟ್ಟು, ಹದಿನೈದು ದಿನದ ಬಾಕಿ ಎಂದು ತಿಂಗಳುಗಟ್ಟಲೆ ಅಲೆಸಬೇಡಿ. ರಾಯಚೂರಿನಿಂದ ಸಾವಿರದ ಎಂಟುನೂರು ರೂಪಾಯಿ ಬಾಕಿಗಾಗಿ ಯಾರೂ ವಾಪಸ್ ಬರುವುದಿಲ್ಲ ಎಂಬ ಧೈರ್ಯದ ಮೇಲೆ ವ್ಯಾಪಾರ ಮಾಡಬೇಡಿ.

ಹೊಸ ಪುಸ್ತಕ ಹೇಗೆ ಬರೆಯುವುದೆಂದು ತಿಳಿಯದವರು ಹೇಳಿ ಕಳುಹಿಸಿ. ಬಂದು ನಿಮ್ಮ ಕ್ಯಾಶಿಯರಿಗೆ ತೋರಿಸಿಕೊಡುತ್ತೇನೆ, ದುಡ್ಡು ಬೇಡ. ಒಂದು ಕಟಿಂಗ್ ಚಾ ಕೊಡಿಸಿದರೆ ಸಾಕು, ಅದನ್ನು ಯಾವ ಹುಡುಗನ ಹೆಸರಿಗೂ ಬರೆಯದಿದ್ದರೆ ಆಯಿತು.

ಇಂತಿ ನಿಮ್ಮವ,
ಗಲ್ಲಾದಲ್ಲಿ ಕೂತಿದ್ದ ಒಬ್ಬ ಹಳೆಯ ಮ್ಯಾನೇಜರ್
ಠಾಣೆ